ಗುಪ್ತಪದಗಳ ತಿಜೋರಿ: ಮನೆಗೊಂದು, ಕಚೇರಿಗೊಂದು

ಹಿಂದಿನ ತಲೆಮಾರಿನ ಗೃಹಿಣಿಯರು ಮನೆಯ ಕೀಲಿಕೈಗಳ ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿರುತ್ತಿದ್ದರು. ತಲೆಬಾಗಿಲಿಗೊಂದು, ಉಗ್ರಾಣಕ್ಕೊಂದು, ಒಡವೆಯ ಪೆಟ್ಟಿಗೆಗೊಂದು. ಎಲ್ಲವೂ ಸೇರಿ ಹತ್ತನ್ನು ಮೀರುತ್ತಿರಲಿಲ್ಲ. ಇಂದಿನ ಸಂಸಾರದ ಕೀಲಿಕೈಗಳು ಕಣ್ಣಿಗೆ ಕಾಣುವಂಥವಲ್ಲ. ಬ್ಯಾಂಕಿನ ಖಾತೆ, ಭವಿಷ್ಯನಿಧಿ, ಜೀವವಿಮೆ, ಆರೋಗ್ಯವಿಮೆ, ಆದಾಯ ತೆರಿಗೆ, ವಿದ್ಯುತ್ ಬಿಲ್ಲು, ರೈಲಿನ ಟಿಕೆಟ್ಟು, ಮಕ್ಕಳ ಶಾಲೆಯ ಶುಲ್ಕ ಇವೆಲ್ಲಕ್ಕೂ ಒಂದೊಂದು ಗುಪ್ತಪದ ಬೇಕು. ಎಲ್ಲರ ಬಾಯಲ್ಲಿ ಪಾಸ್‌ವರ್ಡ್ ಎಂದೇ ರೂಢಿಯಾಗಿರುವ ಈ ಗುಪ್ತಪದಗಳ ಸಂಖ್ಯೆ ಮಧ್ಯಮ ವರ್ಗದ ಕುಟುಂಬವೊಂದರಲ್ಲಿ ಸುಲಭವಾಗಿ ಐವತ್ತನ್ನು ದಾಟುತ್ತದೆ. ಅಷ್ಟನ್ನೂ ನೆನಪಿನಲ್ಲಿಡುವುದು ಯಾರಿಂದಲೂ ಆಗದ ಮಾತು.

ಹೈದರಾಬಾದಿನಲ್ಲಿ ನೆಲೆಸಿರುವ ಕನ್ನಡಿಗರಿಗೆ ಈ ಹೊರೆ ಇಮ್ಮಡಿಯಾದುದು. 1956ರ ರಾಜ್ಯಗಳ ಪುನರ್ವಿಂಗಡಣೆಯವರೆಗೆ ಬೀದರ್, ಕಲಬುರ್ಗಿ, ರಾಯಚೂರು ಜಿಲ್ಲೆಗಳಿಗೆ ಹೈದರಾಬಾದೇ ರಾಜಧಾನಿಯಾಗಿತ್ತು. ಆ ನಂಟು ಇಂದಿಗೂ ಕಡಿದಿಲ್ಲ. ಮಗ ಮಾಧಾಪುರದ ಕಂಪನಿಯಲ್ಲಿ ಉದ್ಯೋಗಿ. ತಂದೆತಾಯಿಗಳು ಬೀದರಿನಲ್ಲೋ ಸೇಡಮ್ಮಿನಲ್ಲೋ ಇದ್ದಾರೆ. ತಂದೆಯ ಪಿಂಚಣಿ, ತಾಯಿಯ ಠೇವಣಿ, ಊರಿನ ಮನೆಯ ತೆರಿಗೆ ಎಲ್ಲದರ ಉಸ್ತುವಾರಿ ಮಗನದೇ. ಎರಡು ಸಂಸಾರಗಳ ಕೀಲಿಕೈಗಳು ಒಬ್ಬನ ಕೈಯಲ್ಲಿ ಸೇರಿಕೊಂಡಿವೆ. ಆಸ್ಪತ್ರೆಗೆ ತಂದೆಯನ್ನು ಸೇರಿಸಿದ ರಾತ್ರಿ ಆರೋಗ್ಯವಿಮೆಯ ಪಾಲಿಸಿಯನ್ನು ತೆರೆಯುವ ಗುಪ್ತಪದ ನೆನಪಾಗದಿದ್ದರೆ ಆಗುವ ಪೇಚಾಟವನ್ನು ವಿವರಿಸಬೇಕಾಗಿಲ್ಲ.

ಗುಪ್ತಪದಗಳನ್ನೆಲ್ಲ ಒಂದೆಡೆ ಭದ್ರವಾಗಿಡುವ ಪಾಸ್‌ವರ್ಡ್ ಮ್ಯಾನೇಜರ್ ಎಂಬ ಸಾಧನ ಈ ಕಷ್ಟಕ್ಕೆಂದೇ ಇದೆ. ಆದರೆ ಅದನ್ನು ಮೊಬೈಲು, ಮನೆಯ ಕಂಪ್ಯೂಟರು, ಕಚೇರಿಯ ಕಂಪ್ಯೂಟರು ಮೂರರಲ್ಲೂ ಒಂದೇ ಸಮನಾಗಿ ಇಟ್ಟುಕೊಳ್ಳಬೇಕೆಂದರೆ ಒಂದು ತೊಡಕು ಎದುರಾಗುತ್ತದೆ. ಸಾಮಾನ್ಯವಾಗಿ ಈ ಕೆಲಸ ನಡೆಯುವುದು ಗೂಗಲ್ ಡ್ರೈವ್, ಡ್ರಾಪ್‌ಬಾಕ್ಸ್ ಮೊದಲಾದ ಕ್ಲೌಡ್ ಸಂಗ್ರಹಗಳ ಮೂಲಕ. ಅನೇಕ ಕಚೇರಿಗಳು ಈ ತಾಣಗಳ ಬಾಗಿಲನ್ನೇ ಮುಚ್ಚಿವೆ. ಪೆನ್‌ಡ್ರೈವ್ ಸಿಕ್ಕಿಸುವ ಕಿಂಡಿಯೂ ಕೆಲಸ ಮಾಡುವುದಿಲ್ಲ. ಹೊಸ ತಂತ್ರಾಂಶವನ್ನು ಅಳವಡಿಸಲು ಅನುಮತಿಯಿಲ್ಲ. ಇಂತಹ ಸ್ಥಿತಿಯಲ್ಲಿ ಉದ್ಯೋಗಸ್ಥರು ಮಾಡಬೇಕಾದುದೇನು?

ನಿರ್ಬಂಧಕ್ಕೆ ಕಾರಣ

ಮೊದಲು ಕಚೇರಿಯ ಪಕ್ಷವನ್ನೂ ನೋಡುವುದು ನ್ಯಾಯ. 1998ರ ನವೆಂಬರಿನಲ್ಲಿ ಪ್ರಧಾನಿ ಅಟಲ ಬಿಹಾರಿ ವಾಜಪೇಯಿಯವರು ಸೈಬರ್ ಟವರ್ಸ್ ಕಟ್ಟಡವನ್ನು ಉದ್ಘಾಟಿಸಿದಂದಿನಿಂದ ಹೈಟೆಕ್ ಸಿಟಿಯ ಸುತ್ತ ಬೆಳೆದ ಕಂಪನಿಗಳು ದೇಶವಿದೇಶಗಳ ಬ್ಯಾಂಕು, ವಿಮಾ ಸಂಸ್ಥೆ, ಆಸ್ಪತ್ರೆಗಳ ದಾಖಲೆಗಳನ್ನು ನಿರ್ವಹಿಸುತ್ತವೆ. ಪರರ ಸ್ವತ್ತನ್ನು ಒತ್ತೆಯಿಟ್ಟುಕೊಂಡವನಿಗೆ ಇರಬೇಕಾದ ಎಚ್ಚರ ಅವುಗಳಿಗೂ ಅಗತ್ಯ. ನೌಕರನ ಸ್ವಂತ ಡ್ರಾಪ್‌ಬಾಕ್ಸಿಗೆ ದಾರಿಯಿದ್ದರೆ ಗ್ರಾಹಕರ ಕಡತಗಳೂ ಅದೇ ದಾರಿಯಲ್ಲಿ ಹೊರಗೆ ಹೋಗಬಲ್ಲವು.

ಭಾರತೀಯ ರಿಸರ್ವ್ ಬ್ಯಾಂಕು 2016ರ ಜೂನ್ 2ರಂದು ಬ್ಯಾಂಕುಗಳಿಗೆ ಸೈಬರ್ ಸುರಕ್ಷತೆಯ ಚೌಕಟ್ಟೊಂದನ್ನು ವಿಧಿಸಿತು. ಮಾಹಿತಿ ಸೋರದಂತೆ ತಡೆಯುವುದು ಅದರ ಮುಖ್ಯ ಅಂಗಗಳಲ್ಲಿ ಒಂದು. 2022ರ ಜೂನ್ ತಿಂಗಳಲ್ಲಿ ಕೇಂದ್ರ ಸರ್ಕಾರದ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರವು, ಗೋಪ್ಯ ಕಡತಗಳನ್ನು ಗೂಗಲ್ ಡ್ರೈವ್, ಡ್ರಾಪ್‌ಬಾಕ್ಸ್‌ಗಳಂತಹ ಸರ್ಕಾರೇತರ ತಾಣಗಳಲ್ಲಿ ಇಡಕೂಡದೆಂದು ಸರ್ಕಾರಿ ನೌಕರರಿಗೆ ಸೂಚಿಸಿತು. 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು ಎಚ್ಚರ ತಪ್ಪಿದ ಸಂಸ್ಥೆಗಳಿಗೆ 250 ಕೋಟಿ ರೂಪಾಯಿಗಳವರೆಗೆ ದಂಡ ವಿಧಿಸಲು ಅವಕಾಶ ಕಲ್ಪಿಸಿದೆ.

ಈ ಎಚ್ಚರ ಕೇವಲ ಕಾಗದದ ಮೇಲಿನದಲ್ಲ ಎಂಬುದಕ್ಕೆ ಈ ನಗರದಲ್ಲೇ ನಿದರ್ಶನವಿದೆ. 2022ರ ಜನವರಿಯಲ್ಲಿ ಇಲ್ಲಿನ ಆಂಧ್ರಪ್ರದೇಶ ಮಹೇಶ್ ಸಹಕಾರಿ ನಗರ ಬ್ಯಾಂಕಿನ ಗಣಕ ವ್ಯವಸ್ಥೆಯೊಳಗೆ ನುಗ್ಗಿದ ಕಳ್ಳರು 12 ಕೋಟಿ ರೂಪಾಯಿಗಳಿಗೂ ಮಿಗಿಲಾದ ಹಣವನ್ನು ಸಾಗಿಸಿದರು. ನೌಕರರಿಗೆ ಕಳುಹಿಸಿದ ಮೋಸದ ಇಮೇಲುಗಳ ಮೂಲಕ ಅವರು ಒಳಹೊಕ್ಕರೆಂದು ಪೊಲೀಸರ ತನಿಖೆ ತಿಳಿಸಿತು. ಒಬ್ಬ ನೌಕರನ ಒಂದು ಕ್ಷಣದ ಮೈಮರೆವು ಇಡೀ ಸಂಸ್ಥೆಯ ಬಾಗಿಲನ್ನು ತೆರೆಯಬಲ್ಲದು.

ಆದುದರಿಂದ ಕಚೇರಿಯ ತಡೆಯನ್ನು ಕಳ್ಳದಾರಿಯಿಂದ ದಾಟುವ ಯೋಚನೆ ಸಲ್ಲದು. ಅದರಿಂದ ಉದ್ಯೋಗಕ್ಕೂ ಸಂಚಕಾರ, ಹೆಸರಿಗೂ ಕಳಂಕ. ತಡೆಯನ್ನು ಗೌರವಿಸಿಯೂ ಕೀಲಿಕೈಗಳನ್ನು ಸುರಕ್ಷಿತವಾಗಿ ಇಟ್ಟುಕೊಳ್ಳುವ ಮಾರ್ಗವಿದೆ.

ರೋಗದ ಲಕ್ಷಣಗಳು

ದಾರಿ ಮುಚ್ಚಿದಾಗ ಜನರು ಹಿಡಿಯುವ ಅಡ್ಡದಾರಿಗಳು ಮೂಲ ವ್ಯಾಧಿಗಿಂತ ಅಪಾಯಕರವಾದವು. ಇವುಗಳಲ್ಲಿ ನಾಲ್ಕು ಮುಖ್ಯ.

ಮೊದಲನೆಯದು, ಎಲ್ಲ ಕಡೆಗೂ ಒಂದೇ ಗುಪ್ತಪದ. 2009ರಲ್ಲಿ ರಾಕ್‌ಯೂ ಎಂಬ ಅಮೆರಿಕದ ಕಂಪನಿಯಿಂದ 3 ಕೋಟಿ 20 ಲಕ್ಷ ಗುಪ್ತಪದಗಳು ಕಳುವಾದವು. ಅವನ್ನು ಯಾವ ಗೂಢಲಿಪಿಯೂ ಇಲ್ಲದೆ ಇದ್ದಂತೆಯೇ ಬರೆದಿಡಲಾಗಿತ್ತು. ಇಂತಹ ಪಟ್ಟಿಗಳನ್ನು ಹಿಡಿದು ಕಳ್ಳರು ಬೇರೆ ಬೇರೆ ತಾಣಗಳ ಬಾಗಿಲುಗಳನ್ನು ಯಂತ್ರಗಳ ಮೂಲಕ ತಟ್ಟುತ್ತಾರೆ. ಆಟದ ತಾಣದಲ್ಲಿ ಕಳೆದ ಕೀಲಿಕೈ ಬ್ಯಾಂಕಿನ ಬಾಗಿಲಿಗೂ ಹೊಂದಿದರೆ ನಷ್ಟ ಎಲ್ಲಿಗೆ ಮುಟ್ಟೀತೆಂದು ಹೇಳಲಾಗದು.

ಎರಡನೆಯದು, ಗುಪ್ತಪದಗಳ ಪಟ್ಟಿಯನ್ನು ತನಗೆ ತಾನೇ ಇಮೇಲಿನಲ್ಲೋ ವಾಟ್ಸಾಪಿನಲ್ಲೋ ಕಳುಹಿಸಿಕೊಳ್ಳುವುದು. ಇದು ತಿಜೋರಿಯ ಕೀಲಿಕೈಯನ್ನು ಪೋಸ್ಟ್‌ಕಾರ್ಡಿಗೆ ಅಂಟಿಸಿ ಕಳುಹಿಸಿದಂತೆ.

ಮೂರನೆಯದು, ಮೇಜಿನ ಡ್ರಾಯರಿನಲ್ಲಿ ಡೈರಿ. ಮನೆಯ ಬೀರುವಿನೊಳಗಿನ ಡೈರಿಗೆ ಅಷ್ಟು ಭಯವಿಲ್ಲ. ನೂರಾರು ಜನ ಓಡಾಡುವ ಕಚೇರಿಯ ಡೈರಿಯ ಮಾತು ಬೇರೆ.

ನಾಲ್ಕನೆಯದು ಮತ್ತು ಅತಿ ಸಾಮಾನ್ಯವಾದುದು, ಸ್ವಂತ ಗುಪ್ತಪದಗಳನ್ನು ಕಚೇರಿಯ ಕಂಪ್ಯೂಟರಿನ ಬ್ರೌಸರಿನಲ್ಲಿ ಉಳಿಸಿಡುವುದು. ಕಂಪನಿಗಳಲ್ಲಿ ಕೆಲಸ ಹೋಗುವುದು ಮುನ್ಸೂಚನೆ ಕೊಟ್ಟೇ ಆಗಬೇಕೆಂದಿಲ್ಲ. ಬೆಳಿಗ್ಗೆ ಕರೆದು ಮಾತನಾಡಿಸಿ, ಮಧ್ಯಾಹ್ನದೊಳಗೆ ಲ್ಯಾಪ್‌ಟಾಪನ್ನು ಹಿಂದಕ್ಕೆ ಪಡೆಯುವ ಪದ್ಧತಿ ಈಗ ಅಪರೂಪವಲ್ಲ. ಭವಿಷ್ಯನಿಧಿಯ ಖಾತೆ, ಮನೆಸಾಲದ ಖಾತೆ, ತಾಯಿಯ ಔಷಧಿ ತರಿಸುವ ಖಾತೆ ಎಲ್ಲದರ ಕೀಲಿಕೈಗಳೂ ಆ ಲ್ಯಾಪ್‌ಟಾಪಿನೊಂದಿಗೇ ಹೊರಟುಹೋದರೆ, ಉದ್ಯೋಗ ಕಳೆದುಕೊಂಡ ದಿನವೇ ಮನುಷ್ಯ ತನ್ನ ಮನೆಗೂ ಪರಕೀಯನಾಗುತ್ತಾನೆ.

ತಿಜೋರಿಯ ರಚನೆ

ಗಣಕಯಂತ್ರಕ್ಕೆ ಗುಪ್ತಪದ ಬಂದುದು 1960ರ ದಶಕದ ಆರಂಭದಲ್ಲಿ, ಅಮೆರಿಕದ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ. ಒಂದೇ ಯಂತ್ರವನ್ನು ಹಲವರು ಹಂಚಿಕೊಳ್ಳುವ ವ್ಯವಸ್ಥೆಯನ್ನು ಫರ್ನಾಂಡೊ ಕಾರ್ಬಟೋ ಮತ್ತವರ ಸಂಗಡಿಗರು ರೂಪಿಸಿದಾಗ, ಒಬ್ಬರ ಕಡತ ಇನ್ನೊಬ್ಬರಿಗೆ ಸಿಗದಂತೆ ಈ ಉಪಾಯ ಮಾಡಿದರು. 1966ರಲ್ಲಿ ಅದೇ ಯಂತ್ರದಲ್ಲಿ ಕಡತಗಳೆರಡು ಅದಲುಬದಲಾಗಿ, ಒಳಬಂದ ಪ್ರತಿಯೊಬ್ಬರಿಗೂ ಎಲ್ಲರ ಗುಪ್ತಪದಗಳ ಪಟ್ಟಿಯೇ ಅಚ್ಚಾಗಿ ಬಂದಿತು! ಗುಪ್ತಪದದಷ್ಟೇ ಹಳೆಯದು ಅದರ ಸೋರಿಕೆ.

ಗುಪ್ತಪದಗಳನ್ನು ಗೂಢಲಿಪಿಯಲ್ಲಿ ಕಾಪಾಡುವ 'ಪಾಸ್‌ವರ್ಡ್ ಸೇಫ್' ತಂತ್ರಾಂಶವನ್ನು ಗೂಢಲಿಪಿ ತಜ್ಞ ಬ್ರೂಸ್ ಶ್ನೈಯರ್ 1997ರಲ್ಲಿ ಹೊರತಂದರು. ಜರ್ಮನಿಯ ಡೊಮಿನಿಕ್ ರೈಕ್ಲ್ 2003ರಲ್ಲಿ 'ಕೀಪಾಸ್' ಎಂಬುದನ್ನು ರಚಿಸಿ ಉಚಿತವಾಗಿ ನೀಡಿದರು. 2008ರ 'ಲಾಸ್ಟ್‌ಪಾಸ್', 2016ರ 'ಬಿಟ್‌ವಾರ್ಡನ್' ಮುಂತಾದವು ತಿಜೋರಿಯನ್ನು ತಮ್ಮ ಕ್ಲೌಡಿನಲ್ಲಿ ಇರಿಸಿಕೊಂಡು ಎಲ್ಲ ಸಾಧನಗಳಿಗೂ ಒದಗಿಸುವ ಬಗೆಯವು.

ತತ್ತ್ವ ಮಾತ್ರ ಎಲ್ಲದರಲ್ಲೂ ಒಂದೇ. ಬಳಕೆದಾರನು ನೆನಪಿಡಬೇಕಾದುದು ಒಂದೇ ಒಂದು ಮುಖ್ಯ ಗುಪ್ತಪದ. ಅದನ್ನು ಲಕ್ಷಾಂತರ ಬಾರಿ ಅರೆದು, ಅಥವಾ ಆರ್ಗಾನ್‌ನಂತಹ ಹೊಸ ವಿಧಾನದಲ್ಲಿ ಯಂತ್ರದ ಸ್ಮೃತಿಯನ್ನೂ ಬೇಕೆಂದೇ ಹೆಚ್ಚು ಬಳಸಿ, ಒಂದು ಉದ್ದನೆಯ ಕೀಲಿಯನ್ನು ತಯಾರಿಸಲಾಗುತ್ತದೆ. ಆ ಕೀಲಿಯಿಂದ ಇಡೀ ತಿಜೋರಿಯನ್ನು ಗೂಢಲಿಪಿಗೆ ತಿರುಗಿಸಲಾಗುತ್ತದೆ. ಅರೆಯುವುದಕ್ಕೆ ಯಜಮಾನನಿಗೆ ತಗಲುವುದು ಒಂದು ಕ್ಷಣ. ಕೋಟಿಗಟ್ಟಲೆ ಊಹೆಗಳನ್ನು ಪ್ರಯೋಗಿಸಬೇಕಾದ ಕಳ್ಳನಿಗೆ ಪ್ರತಿ ಊಹೆಗೂ ಅದೇ ಕ್ಷಣ ವ್ಯಯವಾಗುತ್ತದೆ. ಮುಖ್ಯ ಗುಪ್ತಪದ ಮರೆತರೆ ತಿಜೋರಿ ಮಾಡಿದವನೂ ತೆರೆಯಲಾರ ಎಂಬುದು ಇದರ ಬಲವೂ ಹೌದು, ಕಠೋರತೆಯೂ ಹೌದು.

ಬ್ರೌಸರಿಗೆ ಜೋಡಿಸಿದ ಮ್ಯಾನೇಜರಿನಿಂದ ಇನ್ನೊಂದು ಉಪಕಾರವಿದೆ. ಅದು ಗುಪ್ತಪದವನ್ನು ತುಂಬುವ ಮೊದಲು ತಾಣದ ವಿಳಾಸವನ್ನು ನೋಡುತ್ತದೆ. ವಿಳಾಸ ನಕಲಿಯಾದರೆ ಸುಮ್ಮನಿರುತ್ತದೆ. ಮೊಬೈಲು ನೋಡಿ ಕೈಯಿಂದ ಟೈಪು ಮಾಡುವವರಿಗೆ ಈ ಕಾವಲು ಸಿಗದು. ಅವರು ವಿಳಾಸವನ್ನು ತಾವೇ ಓದಬೇಕು. ಬ್ಯಾಂಕುಗಳೆಲ್ಲವೂ ತಮ್ಮ ತಾಣಗಳನ್ನು 2025ರ ಅಕ್ಟೋಬರ್ 31ರೊಳಗೆ 'ಡಾಟ್ ಬ್ಯಾಂಕ್ ಡಾಟ್ ಇನ್' ಎಂದು ಮುಗಿಯುವ ವಿಳಾಸಗಳಿಗೆ ಸಾಗಿಸಬೇಕೆಂದು ರಿಸರ್ವ್ ಬ್ಯಾಂಕು ಆ ವರ್ಷದ ಏಪ್ರಿಲಿನಲ್ಲಿ ಆದೇಶಿಸಿತು. ಈ ವಿಳಾಸಗಳನ್ನು ನೀಡುವ ಏಕಮಾತ್ರ ಅಧಿಕಾರ ಹೈದರಾಬಾದಿನಲ್ಲೇ 1996ರಲ್ಲಿ ಸ್ಥಾಪನೆಯಾದ ಬ್ಯಾಂಕಿಂಗ್ ತಂತ್ರಜ್ಞಾನ ಅಭಿವೃದ್ಧಿ ಮತ್ತು ಸಂಶೋಧನಾ ಸಂಸ್ಥೆಯದು.

ಎರಡು ತಿಜೋರಿಗಳ ನಿಯಮ

ಈಗ ಮುಖ್ಯ ವಿಷಯಕ್ಕೆ ಬರಬಹುದು. ಕಚೇರಿಯ ಗುಪ್ತಪದಗಳೇ ಬೇರೆ, ಮನೆಯ ಗುಪ್ತಪದಗಳೇ ಬೇರೆ. ಇವೆರಡನ್ನೂ ಒಂದೇ ತಿಜೋರಿಯಲ್ಲಿ ಇಡಲಾಗದು; ಇಡಲೂಬಾರದು. ಕಚೇರಿಯವಕ್ಕೆ ಕಚೇರಿಯೇ ಒಪ್ಪಿದ ಮ್ಯಾನೇಜರನ್ನು ಕೇಳಿ ಪಡೆಯಬೇಕು. ಮಾಹಿತಿ ಸುರಕ್ಷತಾ ವಿಭಾಗಕ್ಕೆ ಲಿಖಿತ ಕೋರಿಕೆ ಸಲ್ಲಿಸಿದರೆ, ಅಂತಹ ಸಾಧನ ಇದೆಯೇ, ಇಲ್ಲದಿದ್ದರೆ ಬರುವ ಸಾಧ್ಯತೆಯಿದೆಯೇ ಎಂಬುದು ಸ್ಪಷ್ಟವಾಗುತ್ತದೆ.

ಸ್ವಂತ ತಿಜೋರಿಯನ್ನು ಕಚೇರಿಯ ಯಂತ್ರದಲ್ಲಿ ತೆರೆಯಬಾರದೆಂಬುದಕ್ಕೆ ತಾಂತ್ರಿಕ ಕಾರಣವೂ ಉಂಟು. ಅನೇಕ ಸಂಸ್ಥೆಗಳು ತಮ್ಮ ಜಾಲದ ಮೂಲಕ ಸಾಗುವ ಸಂದೇಶಗಳನ್ನು ಬಿಚ್ಚಿ ಪರೀಕ್ಷಿಸಿ ಮತ್ತೆ ಮುಚ್ಚಿ ಕಳುಹಿಸುತ್ತವೆ. ತಿಜೋರಿ ಸ್ವತಃ ಗೂಢಲಿಪಿಯಲ್ಲಿರುವುದರಿಂದ ದಾರಿಯಲ್ಲಿ ಅದನ್ನು ಓದಲಾಗದು. ಆದರೆ ಮುಖ್ಯ ಗುಪ್ತಪದವನ್ನು ಟೈಪು ಮಾಡುವ ಯಂತ್ರದ ಯಜಮಾನಿಕೆಯೇ ಬೇರೆಯವರದಾದಾಗ ಗುಟ್ಟು ಗುಟ್ಟಾಗಿ ಉಳಿಯುವ ಭರವಸೆಯಿಲ್ಲ. 2022ರಲ್ಲಿ ಲಾಸ್ಟ್‌ಪಾಸ್ ಕಂಪನಿಗೆ ಆದ ಆಘಾತ ಇದೇ ಪಾಠವನ್ನು ತಿರುಗುಮುರುಗಾಗಿ ಕಲಿಸಿತು. ಅಲ್ಲಿನ ಹಿರಿಯ ಎಂಜಿನಿಯರರೊಬ್ಬರ ಮನೆಯ ಕಂಪ್ಯೂಟರಿನೊಳಗೆ ಹೊಕ್ಕ ಕಳ್ಳರು, ಅವರು ಟೈಪು ಮಾಡುವಾಗಲೇ ಮುಖ್ಯ ಗುಪ್ತಪದವನ್ನು ಹಿಡಿದು, ಆ ಮೂಲಕ ಗ್ರಾಹಕರ ತಿಜೋರಿಗಳ ಪ್ರತಿಗಳನ್ನು ಹೊತ್ತೊಯ್ದರು. ಮನೆ ಮತ್ತು ಕಚೇರಿಯ ನಡುವಣ ಗೋಡೆ ಇಬ್ಬರಿಗೂ ಹಿತ.

ಹಾಗಾದರೆ ಕಚೇರಿಯಲ್ಲಿರುವಾಗ ಸ್ವಂತ ಗುಪ್ತಪದ ಬೇಕಾದರೆ? ಸ್ವಂತ ಮೊಬೈಲೇ ಸಾಕು. ವಿಮೆಯ ಕಂತು, ವಿದ್ಯುತ್ ಬಿಲ್ಲುಗಳನ್ನು ಊಟದ ವಿರಾಮದಲ್ಲಿ ಮೊಬೈಲಿನಲ್ಲೇ ಮುಗಿಸಬಹುದು. ಮೊಬೈಲನ್ನು ಬಾಗಿಲಲ್ಲೇ ಇರಿಸಿ ಒಳಗೆ ಹೋಗಬೇಕಾದ ವಿಭಾಗಗಳೂ ಇವೆ. ಅಲ್ಲಿನವರು ಸ್ವಂತ ವ್ಯವಹಾರವನ್ನು ಹೊರಬಂದ ಮೇಲೆ ಇಟ್ಟುಕೊಳ್ಳುವುದೇ ಸರಿ.

ಕ್ಲೌಡಿಲ್ಲದೆ ತಾಳೆ ಹಾಕುವ ಬಗೆ

ಕಚೇರಿಯನ್ನು ಲೆಕ್ಕದಿಂದ ತೆಗೆದ ಮೇಲೆ ಉಳಿಯುವುದು ಮೊಬೈಲು ಮತ್ತು ಮನೆಯ ಕಂಪ್ಯೂಟರು. ಇವೆರಡೂ ಸ್ವಂತದ್ದಾದುದರಿಂದ ಬಿಟ್‌ವಾರ್ಡನ್‌ನಂತಹ ಕ್ಲೌಡ್ ಸೇವೆಯನ್ನು ಬಳಸಲು ಅಡ್ಡಿಯಿಲ್ಲ. ಹೆಚ್ಚಿನವರಿಗೆ ಅದೇ ಸುಲಭ. ಕ್ಲೌಡನ್ನೇ ನಂಬಲಾರದವರು ಕೀಪಾಸ್ ಮಾದರಿಯ ತಿಜೋರಿಯನ್ನು ಇಟ್ಟುಕೊಳ್ಳಬಹುದು. ಅದು ಕೇವಲ ಒಂದು ಕಡತ. ವಿಂಡೋಸಿಗೆ ಕೀಪಾಸ್, ಮ್ಯಾಕ್ ಮತ್ತು ಲಿನಕ್ಸ್‌ಗೆ ಕೀಪಾಸ್‌ಎಕ್ಸ್‌ಸಿ, ಆಂಡ್ರಾಯ್ಡ್ ಮೊಬೈಲಿಗೆ ಕೀಪಾಸ್‌ಡಿಎಕ್ಸ್, ಐಫೋನಿಗೆ ಕೀಪಾಸಿಯಂ ಆ ಕಡತವನ್ನು ಓದಬಲ್ಲವು. ಅನುಸರಿಸಬೇಕಾದ ಕ್ರಮ ಹೀಗಿದೆ:

(1) ಮೊಬೈಲಿನಲ್ಲಿರುವುದನ್ನು ಮೂಲ ಪ್ರತಿಯೆಂದು ತಿಳಿಯಬೇಕು. ಹೊಸ ಗುಪ್ತಪದ ಸೇರಿಸುವುದು, ಹಳೆಯದನ್ನು ಬದಲಿಸುವುದು ಸಾಧ್ಯವಾದಷ್ಟು ಅದರಲ್ಲೇ ನಡೆಯಲಿ.

(2) ವಾರಕ್ಕೊಮ್ಮೆ, ನಿಗದಿತ ದಿನದಂದು, ಮೊಬೈಲನ್ನು ಕೇಬಲ್ಲಿನಿಂದ ಮನೆಯ ಕಂಪ್ಯೂಟರಿಗೆ ಜೋಡಿಸಿ ಕಡತವನ್ನು ಬೇರೊಂದು ಹೆಸರಿನಲ್ಲಿ ಇಳಿಸಿಕೊಳ್ಳಬೇಕು.

(3) ಹಳೆಯದರ ಮೇಲೆ ಹೊಸದನ್ನು ಹೇರಬಾರದು. ಮೊಬೈಲಿನಲ್ಲಿ ಬ್ಯಾಂಕಿನ ಗುಪ್ತಪದ ಬದಲಾಗಿ, ಕಂಪ್ಯೂಟರಿನಲ್ಲಿ ವಿಮೆಯದು ಸೇರಿದ್ದರೆ, ಒಂದನ್ನು ಹೇರಿದಾಗ ಇನ್ನೊಂದು ಅಳಿಸಿಹೋಗುತ್ತದೆ. ಕೀಪಾಸಿನಲ್ಲಿ ಎರಡು ಕಡತಗಳನ್ನು ತಾಳೆ ಹಾಕುವ ಸೌಲಭ್ಯವಿದೆ. ಪ್ರತಿ ನಮೂದಿಗೂ ಗುರುತಿನ ಸಂಖ್ಯೆಯೂ ಕೊನೆಯ ತಿದ್ದುಪಡಿಯ ವೇಳೆಯೂ ಇರುತ್ತವೆ. ಎರಡು ಲೆಡ್ಜರುಗಳನ್ನು ಸಾಲು ಸಾಲಾಗಿ ಹೋಲಿಸಿದಂತೆ ಅದು ಹೋಲಿಸಿ, ಹೊಸದನ್ನು ಉಳಿಸಿ, ಹಳೆಯದನ್ನು ಇತಿಹಾಸದ ಪುಟಕ್ಕೆ ಸೇರಿಸುತ್ತದೆ. ಈ ಕಾರಣದಿಂದ ಎರಡೂ ಸಾಧನಗಳ ಗಡಿಯಾರ ಸರಿಯಾಗಿರುವುದು ಅವಶ್ಯ.

(4) ತಾಳೆಯಾದ ಕಡತವನ್ನು ಮೊಬೈಲಿಗೆ ಹಿಂದಿರುಗಿಸಿ, ಒಂದೆರಡು ನಮೂದುಗಳನ್ನು ತೆರೆದು ಪರೀಕ್ಷಿಸಬೇಕು.

(5) ತಿಂಗಳಿಗೊಮ್ಮೆ ಒಂದು ಪ್ರತಿಯನ್ನು ಪೆನ್‌ಡ್ರೈವಿಗೆ ಇಳಿಸಿ ಬೀರುವಿನಲ್ಲಿಡಬೇಕು. ಮೊಬೈಲು ಮೆಟ್ರೋ ರೈಲಿನಲ್ಲಿ ಕಳೆದುಹೋದ ದಿನ ಇದರ ಬೆಲೆ ತಿಳಿಯುತ್ತದೆ.

ಮುಖ್ಯ ಗುಪ್ತಪದದ ಆಯ್ಕೆ

ಇಷ್ಟೆಲ್ಲ ವ್ಯವಸ್ಥೆ ನಿಂತಿರುವುದು ಒಂದೇ ಕಂಬದ ಮೇಲೆ. ಅಕ್ಷರ, ಅಂಕಿ, ಚಿಹ್ನೆಗಳ ಕಲಸುಮೇಲೋಗರವೇ ಭದ್ರವೆಂಬ ನಂಬಿಕೆಯನ್ನು ಬೆಳೆಸಿದ್ದು ಅಮೆರಿಕದ ಮಾನಕ ಸಂಸ್ಥೆಯ 2003ರ ಸೂಚನೆಗಳು. ಅವುಗಳನ್ನು ಬರೆದ ಬಿಲ್ ಬರ್ 2017ರಲ್ಲಿ ಬಹಿರಂಗವಾಗಿಯೇ ವಿಷಾದಿಸಿದರು. ಆ ಸಂಸ್ಥೆಯೂ ಅದೇ ವರ್ಷ ಹೊಸ ಸೂಚನೆಗಳಲ್ಲಿ ಉದ್ದಕ್ಕೆ ಪ್ರಾಶಸ್ತ್ಯ ಕೊಟ್ಟು, ಕಾರಣವಿಲ್ಲದೆ ಪದೇ ಪದೇ ಬದಲಿಸುವುದು ಬೇಡವೆಂದಿತು. ಕಚೇರಿಯ ನಿಯಮ ಬೇರೆಯಾಗಿದ್ದರೆ ಕಚೇರಿಯ ಗುಪ್ತಪದಕ್ಕೆ ಆ ನಿಯಮವೇ ಅನ್ವಯ.

ಆರ್ನಾಲ್ಡ್ ರೈನ್‌ಹೋಲ್ಡ್ 1995ರಲ್ಲಿ ಸೂಚಿಸಿದ ದಾಳದ ವಿಧಾನ ಇಂದಿಗೂ ಉತ್ತಮ. ದಾಳವನ್ನು ಐದು ಬಾರಿ ಉರುಳಿಸಿ, ಬಂದ ಅಂಕಿಗಳಿಗೆ ಸರಿಯಾಗಿ 7,776 ಪದಗಳ ಪಟ್ಟಿಯಿಂದ ಒಂದು ಪದವನ್ನು ಆರಿಸುವುದು; ಹೀಗೆ ಐದು ಪದ. ಇದರಿಂದಾಗುವ ಸಾಧ್ಯತೆಗಳು ಸುಮಾರು 2,84,000 ಕೋಟಿ ಕೋಟಿ. ಕೀಲಿಮಣೆಯ 94 ಚಿಹ್ನೆಗಳಿಂದ ಮನಬಂದಂತೆ ಎತ್ತಿದ 8 ಅಕ್ಷರಗಳಲ್ಲಿ ಇರುವುದು ಸುಮಾರು 61 ಕೋಟಿ ಕೋಟಿ ಮಾತ್ರ. ಅಂದರೆ ಐದು ಸರಳ ಪದಗಳು ಎಂಟು ವಿಕಾರ ಅಕ್ಷರಗಳಿಗಿಂತ 4,600 ಪಟ್ಟಿಗೂ ಹೆಚ್ಚು ಗಟ್ಟಿ, ನೆನಪಿಗೂ ಹಗುರ. ಪದಗಳನ್ನು ದಾಳವೇ ಆರಿಸಬೇಕು, ಮನಸ್ಸಲ್ಲ. ಮಕ್ಕಳ ಹೆಸರು, ಮನೆದೇವರ ಹೆಸರು, ವಚನದ ಮೊದಲ ಸಾಲು ಇವುಗಳನ್ನು ಕಳ್ಳನೂ ಊಹಿಸಬಲ್ಲ.

ನಕಲು ಕೀಲಿಕೈಯ ವಿಚಾರ

ಬ್ಯಾಂಕಿನ ಭದ್ರಕೋಣೆಯ ಕೀಲಿಕೈಗಳು ಇಬ್ಬರು ಅಧಿಕಾರಿಗಳ ಜಂಟಿ ವಶದಲ್ಲಿರುತ್ತವೆ. ನಕಲು ಕೀಲಿಕೈಗಳನ್ನು ಅರಗುಮುದ್ರೆ ಹಾಕಿ ಬೇರೊಂದು ಶಾಖೆಯಲ್ಲಿ ಇರಿಸುವುದು ಹಳೆಯ ಪದ್ಧತಿ. ಗೃಹಸ್ಥರಿಗೂ ಇದು ಅನುಕರಣೀಯ. ಮುಖ್ಯ ಗುಪ್ತಪದವನ್ನು ಕಾಗದದ ಮೇಲೆ ಬರೆದು, ಲಕೋಟೆಯಲ್ಲಿ ಮುಚ್ಚಿ ಮುದ್ರೆ ಹಾಕಿ, ಲಾಕರಿನಲ್ಲಿ ಇಡಬಹುದು. ಪೆನ್‌ಡ್ರೈವು ಮಾತ್ರ ಅದರ ಜೊತೆಗಿರಬಾರದು.

ಆದರೆ ಇಲ್ಲೊಂದು ಸೂಕ್ಷ್ಮವಿದೆ. ಬ್ಯಾಂಕಿನ ಗುಪ್ತಪದವನ್ನು ಮನೆಯವರಿಗೂ ತಿಳಿಸಕೂಡದೆಂಬುದು ಬ್ಯಾಂಕುಗಳ ಷರತ್ತು. ರಿಸರ್ವ್ ಬ್ಯಾಂಕಿನ 2017ರ ಜುಲೈ ತಿಂಗಳ ಸುತ್ತೋಲೆ ಮೋಸದ ವರ್ಗಾವಣೆಗಳಲ್ಲಿ ಗ್ರಾಹಕನ ಹೊಣೆಯನ್ನು ಮಿತಿಗೊಳಿಸಿದರೂ, ಗುಪ್ತಪದವನ್ನು ತಾನೇ ಬಿಟ್ಟುಕೊಟ್ಟವನು ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟವನ್ನು ತಾನೇ ಭರಿಸಬೇಕೆಂದಿತು. ವೃದ್ಧ ತಂದೆತಾಯಿಗಳ ಖಾತೆಯನ್ನು ಅವರ ಗುಪ್ತಪದದಿಂದ ನಡೆಸುವುದಕ್ಕಿಂತ, ಸಾಧ್ಯವಿದ್ದಲ್ಲಿ 'ಇಬ್ಬರಲ್ಲಿ ಒಬ್ಬರು ಅಥವಾ ಉಳಿದವರು' ಎಂಬ ಕ್ರಮದ ಜಂಟಿ ಖಾತೆ ಮಾಡಿಸಿ, ಮಗನು ತನ್ನದೇ ಗುಪ್ತಪದದಿಂದ ವ್ಯವಹರಿಸುವುದು ಯೋಗ್ಯ. ಮೋಸವಾಯಿತೆಂದು ತಿಳಿದ ಕೂಡಲೇ ಬ್ಯಾಂಕಿಗೂ 1930 ಸಂಖ್ಯೆಗೂ ದೂರವಾಣಿ ಮಾಡಬೇಕು.

ಯಜಮಾನನು ತೀರಿಕೊಂಡ ಮೇಲೆ ಅವನ ಗುಪ್ತಪದದಿಂದ ಹಣ ತೆಗೆಯುವುದು ವಿಧಿಸಮ್ಮತವಲ್ಲ. ಅದಕ್ಕೆ ನಾಮನಿರ್ದೇಶನದ ದಾರಿಯಿದೆ. 2025ರ ನವೆಂಬರ್ 1ರಿಂದ ಒಂದು ಠೇವಣಿ ಖಾತೆಗೆ ನಾಲ್ವರವರೆಗೆ ನಾಮಿನಿಗಳನ್ನು ಸೂಚಿಸಬಹುದಾಗಿದೆ. ಹತ್ತು ವರ್ಷ ಯಾರೂ ಕೇಳದ ಠೇವಣಿಗಳು ರಿಸರ್ವ್ ಬ್ಯಾಂಕಿನ ನಿಧಿಯೊಂದಕ್ಕೆ ಹೋಗುತ್ತವೆ. ಅವನ್ನು ಹುಡುಕಲೆಂದೇ 2023ರಲ್ಲಿ 'ಉದ್ಗಮ್' ಎಂಬ ತಾಣ ತೆರೆಯಬೇಕಾಯಿತು. ಖಾತೆ ಇದೆಯೆಂಬುದೇ ಹೆಂಡತಿ ಮಕ್ಕಳಿಗೆ ತಿಳಿಯದಿದ್ದರೆ ನಾಮಿನಿಯ ಹೆಸರೂ ನಿರುಪಯುಕ್ತ. ಆದಕಾರಣ ಗುಪ್ತಪದಗಳಿಲ್ಲದ ಒಂದು ಸಾದಾ ಪಟ್ಟಿಯನ್ನು ಬರೆದು ಮನೆಯವರ ಕೈಗೆ ಕೊಡಬೇಕು: ಬ್ಯಾಂಕು, ಶಾಖೆ, ಪಾಲಿಸಿಯ ಸಂಖ್ಯೆ, ಭವಿಷ್ಯನಿಧಿಯ ಸಂಖ್ಯೆ, ನಾಮಿನಿಯ ಹೆಸರು. ಪಾಸ್‌ವರ್ಡ್ ಮ್ಯಾನೇಜರನ್ನು ಕ್ರಮವಾಗಿ ಇಟ್ಟವನಿಗೆ ಈ ಪಟ್ಟಿ ಒಂದು ಸಂಜೆಯ ಕೆಲಸ.

ಕಚೇರಿಯ ತಡೆ ಮೊದಲು ಕಿರುಕುಳವಾಗಿ ತೋರಿದರೂ, ಪರರ ಯಂತ್ರದಲ್ಲಿ ಸ್ವಂತ ಬಾಳಿನ ಕೀಲಿಕೈಗಳನ್ನು ತೂಗುಹಾಕುವ ಅಭ್ಯಾಸದಿಂದ ಅದು ಬಿಡಿಸುತ್ತದೆ. ಸಂಸ್ಥೆಗಳು ಬದಲಾಗುತ್ತವೆ, ಹುದ್ದೆಗಳು ಬರುತ್ತವೆ, ಹೋಗುತ್ತವೆ. ಸಂಸಾರ ಮಾತ್ರ ನಡೆಯುತ್ತಲೇ ಇರಬೇಕು. ಈ ವಾರದ ಬಿಡುವಿನ ದಿನವೇ ಕಚೇರಿಯ ಬ್ರೌಸರಿನಲ್ಲಿ ಉಳಿದಿರುವ ಸ್ವಂತ ಗುಪ್ತಪದಗಳನ್ನು ನೆನೆದು ಪಟ್ಟಿ ಮಾಡಿ, ಮನೆಯ ತಿಜೋರಿಗೆ ಹೊಸದಾಗಿ ಸೇರಿಸಿ, ಮರುದಿನ ಅಲ್ಲಿನವನ್ನು ಅಳಿಸಿಬಿಡುವುದು ಮೊದಲ ಹೆಜ್ಜೆ. ಆ ಹೆಜ್ಜೆಯಿಟ್ಟವರಿಗೆ ಉಳಿದ ದಾರಿ ಕಷ್ಟವೆನಿಸದು.